ಬಯಲ ಜಗಲಿಗೆ ಯಾವ ಮರ, ಯಾವ ಎಣ್ಣೆ?



ಸೌತ್ ಸಿಯ ನಮ್ಮ ಮನೆಗಳ ಹಿತ್ತಿಲುಗಳಲ್ಲಿ ಈಚಿನ ಎರಡು ಮೂರು ವರ್ಷಗಳಿಂದ ಹಲಗೆಯ ಜಗಲಿಗಳು ಒಂದೊಂದಾಗಿ ಏಳುತ್ತಿವೆ. ಎಲ್ಲರೂ ಡೆಕ್ ಎಂದು ಕರೆಯುವ ಈ ಜಗಲಿಯ ಆಸೆ ಅರ್ಥವಾಗುವಂಥದೇ. ಒತ್ತೊತ್ತಾಗಿ ಕಟ್ಟಿದ ಮನೆಗಳಲ್ಲಿ ಅಂಗಳವೆಂಬುದು ಹೆಸರಿಗೆ ಮಾತ್ರ. ಊರಿನಿಂದ ಆರು ತಿಂಗಳಿಗೆಂದು ಬಂದ ತಂದೆತಾಯಿಗಳಿಗೆ ಬೆಳಗಿನ ಬಿಸಿಲಿಗೆ ಕೂರಲು, ಸಂಜೆ ವಿಲ್ಸನ್ ವಿಮಾನ ನಿಲ್ದಾಣಕ್ಕೆ ಇಳಿಯುವ ಪುಟ್ಟ ವಿಮಾನಗಳನ್ನು ಮೊಮ್ಮಕ್ಕಳೊಡನೆ ಎಣಿಸಲು ಒಂದು ಎಡೆ ಬೇಕು. ಹಾಗೆಂದು ಕಟ್ಟಿಸಿದ ಜಗಲಿ ಎರಡನೆಯ ಮಳೆಗಾಲಕ್ಕೇ ಕಪ್ಪಿಟ್ಟು, ಸೆಟೆದು, ಮೊಳೆ ಮೇಲೆದ್ದು, ಅದೇ ತಂದೆತಾಯಿಗಳು ಕಾಲಿಡಲು ಅಂಜುವ ಸ್ಥಿತಿಗೆ ಬರುವುದನ್ನೂ ಕಾಣುತ್ತಿದ್ದೇವೆ. ಹಣ ಹೋದುದು ಒಂದು ಮಾತು. ಎಪ್ಪತ್ತು ದಾಟಿದವರು ಪರನಾಡಿನಲ್ಲಿ ಜಾರಿ ಬಿದ್ದರೆ ಅದು ಬೇರೆಯೇ ಮಾತು. ಆದಕಾರಣ ಈ ಸಲ ಮರದ ವಿಚಾರದಲ್ಲಿ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕೆನಿಸಿದೆ.

ನಮ್ಮವರೊಡನೆ ಮರದ ಮಾತೆತ್ತಿದರೆ ಮೊದಲು ಬರುವ ಹೆಸರು ಸಾಗುವಾನಿ. ಅನಂತರ ಹೊನ್ನೆ, ಬೀಟೆ, ಹಲಸು; ಕರಾವಳಿಯವರಾದರೆ ಕಿರಾಲಬೋಗಿ. "ನಮ್ಮ ಅಜ್ಜನ ಮನೆಯ ಹೆಬ್ಬಾಗಿಲು ನೂರು ವರ್ಷದ್ದು, ಇಂದಿಗೂ ಗೆದ್ದಲು ಮುಟ್ಟಿಲ್ಲ" ಎಂಬ ಮಾತನ್ನು ನಾವೆಲ್ಲರೂ ಒಂದಲ್ಲ ಒಂದು ಸಲ ಆಡಿದ್ದೇವೆ. ಮಾತು ಸುಳ್ಳಲ್ಲ. ಆದರೆ ಆ ನೂರು ವರ್ಷಗಳಲ್ಲಿ ಆ ಬಾಗಿಲು ಒಂದು ದಿನವೂ ಮಳೆಯಲ್ಲಿ ತೊಯ್ದು ನಿಂತಿರಲಿಲ್ಲ ಎಂಬುದನ್ನು ಮರೆಯುತ್ತೇವೆ. ಮಲೆನಾಡಿನ ಮನೆಯ ಮಾಡು ಗೋಡೆಯನ್ನು ದಾಟಿ ಎಷ್ಟೋ ಮುಂದಕ್ಕೆ ಚಾಚಿ ಇಳಿಯುತ್ತದೆ. ಕಂಬದ ಬುಡ ನೆಲವನ್ನು ಮುಟ್ಟದಂತೆ ಕೆಳಗೊಂದು ಕಲ್ಲು ಇರುತ್ತದೆ. ಜಗಲಿಯ ನೆಲವಾದರೋ ಮರದ್ದಲ್ಲ. ಸಗಣಿ ಸಾರಿಸಿದ ಮಣ್ಣು, ಇಲ್ಲವೇ ಕಲ್ಲು, ಮುಂದೆ ಕಾವಿಯ ನೆಲ. ಬೆಂಗಳೂರಿನ ಕೋಟೆಯ ಬಳಿ 1791ರಲ್ಲಿ ಮುಗಿದ ಟಿಪ್ಪುವಿನ ಬೇಸಿಗೆ ಅರಮನೆಯ ಸಾಗುವಾನಿ ಕಂಬಗಳು ಇನ್ನೂ ನಿಂತಿರುವುದು ಮರದ ಸತ್ವದಿಂದ ಮಾತ್ರವಲ್ಲ. ಅವುಗಳ ಬುಡದಲ್ಲಿ ಕಲ್ಲಿದೆ, ತಲೆಯ ಮೇಲೆ ಮಾಡಿದೆ. ನಮ್ಮ ಹಿರಿಯರ ಮರದ ಅರಿವೆಲ್ಲ ನೆರಳಿನಲ್ಲಿಟ್ಟ ಮರದ ಅರಿವು. ಆಕಾಶಕ್ಕೆ ತೆರೆದ ಮರದ ನೆಲವನ್ನು ಅವರು ಹಾಸಲೇ ಇಲ್ಲ.

ಇಲ್ಲ, ಒಂದು ಕಡೆ ಹಾಸಿದರು. ಮಲೆನಾಡು, ಉತ್ತರ ಕನ್ನಡಗಳ ಹಳ್ಳಗಳ ಮೇಲಿನ ಕಾಲುಸಂಕವನ್ನು ನೆನೆಯಿರಿ. ಅಡಿಕೆ ಮರದ ಕಾಂಡಗಳನ್ನೋ ಕಾಡಿನ ದಿಮ್ಮಿಯನ್ನೋ ಅಡ್ಡಹಾಸಿ, ಬಳ್ಳಿಯಿಂದ ಬಿಗಿದು, ಕೈಹಿಡಿತಕ್ಕೊಂದು ಗಳ ಕಟ್ಟಿದ ಆ ಸಂಕ ಶಾಶ್ವತವೆಂದು ಯಾರೂ ಭಾವಿಸಲಿಲ್ಲ. ಮಳೆಗಾಲಕ್ಕೆ ಮುಂಚೆ ಅದನ್ನು ತುಳಿದು ನೋಡುವರು, ಲಡ್ಡಾದುದನ್ನು ಹಳ್ಳಕ್ಕೆ ನೂಕಿ ಹೊಸತನ್ನು ಹಾಕುವರು. ಸಂಕಕ್ಕೆಂದು ಯಾರೂ ಬೀಟೆಯನ್ನು ಕಡಿಯಲಿಲ್ಲ. ಮಳೆಯಲ್ಲಿ ಮಲಗುವ ಮರಕ್ಕೆ ಆಯುಸ್ಸು ಕಡಿಮೆಯೆಂಬುದನ್ನು ಒಪ್ಪಿಕೊಂಡೇ ಅವರು ಮರವನ್ನು ಆರಿಸುತ್ತಿದ್ದರು. ನೈರೋಬಿಯ ಡೆಕ್ಕನ್ನು ಹೆಬ್ಬಾಗಿಲಿನ ಮನಸ್ಸಿನಿಂದ ಕಟ್ಟಿಸದೆ ಕಾಲುಸಂಕದ ಮನಸ್ಸಿನಿಂದ ಕಟ್ಟಿಸಬೇಕೆಂಬುದೇ ನಮ್ಮ ವಾದ. ಉಳಿದುದೆಲ್ಲ ಇದರ ವಿವರಣೆ.

ಹೆಬ್ಬಾಗಿಲಿನ ಮನಸ್ಸಿನವರಿಗೆ ಇಲ್ಲಿಯ ಅಂಗಡಿಗಳು ತೋರಿಸುವ ಮರ ಮ್ವೂಲೆ. ಸೊಗಸಾದ ಮರವೆಂಬುದರಲ್ಲಿ ಎರಡು ಮಾತಿಲ್ಲ. ಆಲ, ಅತ್ತಿ, ಹಲಸುಗಳ ಕುಟುಂಬಕ್ಕೇ ಸೇರಿದ್ದು. ಕೊಯ್ದಾಗ ಹಲಸಿನಂತೆಯೇ ಹಳದಿಯಾಗಿದ್ದು ಬರಬರುತ್ತ ಕಂದುಬಣ್ಣಕ್ಕೆ ತಿರುಗುತ್ತದೆ. ಚೇಗು ಗಟ್ಟಿ, ಗೆದ್ದಲಿಗೆ ಬೇಗನೆ ಬಗ್ಗದು. ಕೆಲವೊಮ್ಮೆ ಒಳಗೆ ಸುಣ್ಣದ ಗಂಟುಗಳು ಕಲ್ಲಿನಂತೆ ಕಟ್ಟಿಕೊಂಡು ಗರಗಸದ ಹಲ್ಲು ಮುರಿಯುವುದುಂಟು. ಮ್ನಿಂಗಾ ಇನ್ನೊಂದು, ಅದು ನಮ್ಮ ಹೊನ್ನೆಯ ಒಡಹುಟ್ಟು ಎನ್ನಬಹುದು, ಎರಡೂ ಒಂದೇ ಕುಲದ ಮರಗಳು. ಈ ನೆಂಟಸ್ತಿಕೆ ಕೇಳಿ ನಮಗೂ ಮನಸ್ಸು ಕರಗಿತ್ತು. ಆದರೂ ಬಯಲಿನ ಡೆಕ್ಕಿಗೆ ಇವನ್ನು ನಾವು ಸೂಚಿಸುವುದಿಲ್ಲ. ಇವು ನೆಟ್ಟು ಬೆಳೆಸಿದ ತೋಪಿನ ಮರಗಳಾಗಿರುವುದು ಅಪರೂಪ. ಹೆಚ್ಚಿನವು ಗಡಿಯಾಚೆಯ ಕಾಡುಗಳಿಂದ ಲಾರಿಯೇರಿ ಬಂದವು. ಯಾವ ಕಾಡು, ಯಾರ ಪರವಾನಗಿ ಎಂದು ಕೇಳಿದರೆ ಅಂಗಡಿಯವರು ಮಾತು ಬದಲಿಸುತ್ತಾರೆ. ಹಣ ಕೊಟ್ಟವರೆಂಬ ಮಾತ್ರಕ್ಕೆ ಆ ಪ್ರಶ್ನೆಯಿಂದ ನಾವು ಬಿಡಿಸಿಕೊಳ್ಳಲಾರೆವು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಾವು ಅತಿಥಿಗಳಾಗಿ ಬಂದು ಮನೆಮಾಡಿರುವ ಈ ನಗರದಲ್ಲಿ, 1999ರ ಜನವರಿಯಲ್ಲಿ, ಕರೂರ ಕಾಡಿನ ಅಂಚಿನಲ್ಲಿ ಗಿಡ ನೆಡಲು ಹೋದ ವಂಗಾರಿ ಮಾಥಾಯಿ ತಲೆಗೆ ಪೆಟ್ಟು ತಿಂದರು. ಆ ಕಾಡು ಇಂದು ಉಳಿದಿದೆ. ರಜೆಯ ದಿನ ನಮ್ಮ ಮಕ್ಕಳು ಸೈಕಲ್ ತುಳಿಯುವುದು ಅಲ್ಲಿಯೇ. ಅದಕ್ಕೂ ಹದಿನೈದು ವರ್ಷ ಮೊದಲು, 1983ರ ಸೆಪ್ಟೆಂಬರಿನಲ್ಲಿ, ಶಿರಸಿ ಸೀಮೆಯ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದಿದ್ದರು. ಅಪ್ಪಿಕೋ ಎಂದು ವೇದಿಕೆಯ ಮೇಲೆ ಹೆಮ್ಮೆಯಿಂದ ಹೇಳಿಕೊಳ್ಳುವ ನಾವು ಎಂಟು ಅಡಿ ಅಗಲದ ಹಿತ್ತಿಲಿಗಾಗಿ ಕಾಂಗೊ ಕಾಡಿನ ಹಳೆಯ ಮರವೊಂದನ್ನು ಮಳೆಗೆ ಹಾಸುವುದು ಸರಿಕಾಣುವುದಿಲ್ಲ. ಹಳೆಯ ಮನೆ ಕೆಡವಿದಾಗ ಬಂದ ಮ್ವೂಲೆ ತೊಲೆ ಸಿಕ್ಕರೆ ಆ ಮಾತು ಬೇರೆ. ಅದನ್ನು ಕಣ್ಣಿಗೊತ್ತಿಕೊಂಡು ತನ್ನಿ, ಆದರೆ ಮನೆಯೊಳಗಿನ ಬೆಂಚಿಗೋ ಉಯ್ಯಾಲೆಯ ಹಲಗೆಗೋ ಬಳಸಿ.

ಸಾಗುವಾನಿಯೇ ಬೇಕೆಂಬವರಿಗೆ ಟಾಂಜಾನಿಯಾದ ನೆಡುತೋಪುಗಳ ಸಾಗುವಾನಿ ಇದೆ. ಅದು ಪ್ರಾಮಾಣಿಕವಾದ ಆಯ್ಕೆ. ಬೆಲೆಯೂ ಅದಕ್ಕೆ ತಕ್ಕಂತೆಯೇ. ಎಳೆಯ ಸಾಗುವಾನಿಯಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿಭಾಗ ಹೆಚ್ಚು ಎಂಬುದನ್ನು ನೋಡಿಕೊಳ್ಳಬೇಕು. ಆ ಬಿಳಿಭಾಗಕ್ಕೆ ಸಾಗುವಾನಿಯ ಹೆಸರಿದೆಯೇ ಹೊರತು ಗುಣವಿಲ್ಲ. ಚಿಕ್ಕಮಗಳೂರು, ಕೊಡಗಿನವರು ಇಲ್ಲಿ ಗ್ರೆವಿಲಿಯಾ ಕಂಡು ಹಿಗ್ಗುತ್ತಾರೆ. ಕಾಫಿ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ನಮ್ಮ ಸಿಲ್ವರ್ ಓಕ್ ಅದೇ. ಒಳಗಿನ ಪೀಠೋಪಕರಣಕ್ಕೆ ಒಳ್ಳೆಯದು, ಮಳೆಗೆ ಆಗದು. ನೀಲಗಿರಿಯ ಹಲಗೆ ಬಿರಿದು ತಿರುಚಿಕೊಳ್ಳುತ್ತದೆ; ಅದನ್ನು ಕಂಬಕ್ಕೆ ಬಿಡುವುದು ಮೇಲು.

ಉಳಿಯುವುದು ತೋಪಿನಲ್ಲಿ ಬೆಳೆದ ಪೈನ್ ಮತ್ತು ಸೈಪ್ರೆಸ್. ಎರಡೂ ಮೆಕ್ಸಿಕೊ ಕಡೆಯಿಂದ ಬಂದು ಕೀನ್ಯಾದ ಎತ್ತರದ ಸೀಮೆಗಳಲ್ಲಿ ಬೇರೂರಿದ ಮರಗಳು. 2018ರ ಫೆಬ್ರವರಿಯಲ್ಲಿ ಸರಕಾರ ಸಾರ್ವಜನಿಕ ಅರಣ್ಯಗಳ ಕಡಿತವನ್ನು ತಡೆಹಿಡಿದಾಗ ಇವುಗಳ ಪೂರೈಕೆ ಕುಗ್ಗಿತ್ತು. ತೋಪುಗಳ ಬಲಿತ ಮರಗಳಿಗೆ ಆ ತಡೆ ತೆಗೆಯುವುದಾಗಿ 2023ರ ಜುಲೈಯಲ್ಲಿ ಘೋಷಣೆಯಾಯಿತು. ಪೈನ್ ತಾನಾಗಿ ಬಾಳುವ ಮರವಲ್ಲ, ಗೆದ್ದಲಿಗೆ ಅದು ಹಬ್ಬದೂಟ. ಆದರೆ ಅದಕ್ಕೊಂದು ದೊಡ್ಡ ಗುಣವಿದೆ: ಔಷಧವನ್ನು ಆಳದವರೆಗೂ ಹೀರಿಕೊಳ್ಳುತ್ತದೆ. ಸೈಪ್ರೆಸ್ಸಿನ ಚೇಗು ಸ್ವಲ್ಪ ಗಟ್ಟಿ, ಹೀರುವುದು ಕಡಿಮೆ. ಆದ್ದರಿಂದ ನೆಲಕ್ಕೆ ಹತ್ತಿರದ ಕಂಬ, ತೊಲೆಗಳಿಗೆ ಔಷಧವುಂಡ ಪೈನ್ ಅಥವಾ ನೀಲಗಿರಿ, ಮೇಲಿನ ಹಲಗೆಗೆ ಔಷಧವುಂಡ ಪೈನ್ ಅಥವಾ ಚೇಗಿನ ಸೈಪ್ರೆಸ್ ಎಂಬುದು ನಮ್ಮ ಸೂಚನೆ. ಹತ್ತು ಹನ್ನೆರಡು ವರ್ಷ ಬಾಳಿದರೆ ಸಂಕ ತನ್ನ ಕೆಲಸ ಮಾಡಿತೆಂದೇ ತಿಳಿಯೋಣ. ಕೆಟ್ಟ ಹಲಗೆ ಬದಲಿಸಲು ಅದೇ ಅಳತೆಯ ಹಲಗೆ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಮ್ವೂಲೆಯಾದರೆ ಜೋಡಿ ಹುಡುಕಿಕೊಂಡು ಅಲೆಯಬೇಕು.

ಈ ಔಷಧದ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಇಲ್ಲಿ ವಿದ್ಯುತ್ ಕಂಬಗಳಿಗೂ ಬೇಲಿಯ ಗೂಟಗಳಿಗೂ ಉಣಿಸುವ ಹಸಿರು ದ್ರಾವಣ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಮಿಶ್ರಣ. ಇದನ್ನು ಕಂಡುಹಿಡಿದವರು ಭಾರತೀಯರೇ: ಸೊಂಟಿ ಕಾಮೇಶನ್, 1933ರಲ್ಲಿ. ಮರವನ್ನು ಮುಚ್ಚಿದ ಉಕ್ಕಿನ ಸಿಲಿಂಡರಿನಲ್ಲಿಟ್ಟು, ಒಳಗಿನ ಗಾಳಿಯನ್ನು ಎಳೆದು, ದ್ರಾವಣವನ್ನು ಒತ್ತಡದಿಂದ ನಾರುಗಳೊಳಗೆ ನುಗ್ಗಿಸುತ್ತಾರೆ. ಜಗತ್ತಿನ ಎಷ್ಟೋ ಮರಗಳ ಆಯುಸ್ಸನ್ನು ಹೆಚ್ಚಿಸಿ, ಆ ಮೂಲಕ ಎಷ್ಟೋ ಕಾಡನ್ನು ಉಳಿಸಿದ ಶೋಧವಿದು. ಆದರೆ ಆರ್ಸೆನಿಕ್ ಎಂದರೆ ಪಾಷಾಣ. ಅಮೆರಿಕದಲ್ಲಿ 2003ರ ಕೊನೆಯಿಂದ ಮನೆಬಳಕೆಯ ಹಲಗೆಗಳಿಗೆ ಇದನ್ನು ಉಣಿಸುವುದನ್ನು ನಿಲ್ಲಿಸಿದ್ದಾರೆ. ಆರ್ಸೆನಿಕ್ ಇಲ್ಲದ, ತಾಮ್ರವನ್ನೇ ನಂಬಿದ ಔಷಧಗಳುಂಟು. ಮೇಲಿನ ಹಲಗೆಗೆ ಅದು ಸಿಗುವುದಾದರೆ ಎರಡನೆಯ ಯೋಚನೆ ಬೇಡ. ಸಿಗದಿದ್ದರೆ ಮಕ್ಕಳು ಅಂಬೆಗಾಲಿಡುವ ಮೇಲ್ಮೈಗೆ ಔಷಧವಿಲ್ಲದ ಸೈಪ್ರೆಸ್ ಚೇಗನ್ನೇ ಹಾಕಿ ಬೇಗ ಬದಲಿಸುವುದು ಲೇಸು. ಹಸಿರು ಮರ ಕೆಳಗಿನ ತೊಲೆಗಳಲ್ಲಿರಲಿ. ಕಂಬದ ಬುಡಕ್ಕೆ ಬಸಳೆ ಬಳ್ಳಿ ಹಬ್ಬಿಸುವ ಆಸೆಯನ್ನು ದಯವಿಟ್ಟು ಬಿಡಿ, ಕೊತ್ತಂಬರಿ ಪಾತಿಯನ್ನೂ ದೂರವಿಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು: ಕೆಲಸ ಮುಗಿದ ಮೇಲೆ ಉಳಿಯುವ ತುಂಡುಗಳು. ಜೂನ್, ಜುಲೈ ತಿಂಗಳ ಚಳಿಯಲ್ಲಿ ಗೇಟಿನ ಅಸ್ಕಾರಿ ರಾತ್ರಿಯಿಡೀ ಬೆಂಕಿ ಕಾಯಿಸುತ್ತಾನೆ. ಹಿತ್ತಿಲಲ್ಲಿ ಬಿದ್ದ ಒಣ ತುಂಡುಗಳನ್ನು ಅವನು ಕೇಳುತ್ತಾನೆ, ನಾವೂ ಪುಣ್ಯ ಬಂತೆಂದು ಕೊಡುತ್ತೇವೆ. ಹಸಿರು ಮರವನ್ನು ಸುಟ್ಟರೆ ಪಾಷಾಣ ಹೊಗೆಯಲ್ಲಿ ಹೋಗುತ್ತದೆ, ಬೂದಿಯಲ್ಲಿ ಉಳಿಯುತ್ತದೆ. ನಮ್ಮ ಮನೆ ಕಾಯುವವನ ಎದೆಗೆ ಅದನ್ನು ತುಂಬುವುದಕ್ಕಿಂತ ದೊಡ್ಡ ಅನ್ಯಾಯ ಈ ಇಡೀ ವ್ಯವಹಾರದಲ್ಲಿ ಇನ್ನೊಂದಿಲ್ಲ. ಒಂದೊಂದು ತುಂಡನ್ನೂ ಎಣಿಸಿ ಚೀಲಕ್ಕೆ ಹಾಕಿ. ಅವನಿಗೆ ವಿಷಯ ತಿಳಿಸಿ. ಚಳಿಗೆ ಒಂದು ಮೂಟೆ ಇದ್ದಿಲನ್ನೂ ಒಂದು ಜಿಕೊ ಒಲೆಯನ್ನೂ ಕೊಡಿಸಿ, ಗಾಳಿಯಾಡುವ ಕಡೆ ಇಟ್ಟುಕೊಳ್ಳಲು ಹೇಳಿ. ಜಿಕೊ ಮೇಲೆ ಜೋಳ ಸುಡುವ ನಮ್ಮ ಮಕ್ಕಳಿಗೂ ಇದೇ ಎಚ್ಚರಿಕೆ.

ಔಷಧವುಂಡ ಮರವೆಂದು ಕೊಂಡದ್ದು ನಿಜವಾಗಿ ಉಂಡಿದೆಯೇ ಎಂದು ನೋಡುವ ದಾರಿ ಸುಲಭ. ಹಲಗೆಯ ತುದಿಯಿಂದ ಒಂದು ಗೇಣು ಕತ್ತರಿಸಿ ಕೊಡಲು ಹೇಳಿ. ಹಸಿರು ಒಳಗಿನವರೆಗೂ ಇಳಿದಿದ್ದರೆ ಒತ್ತಡದಲ್ಲಿ ಉಣಿಸಿದ್ದು. ಉಗುರಿನಷ್ಟು ಮಾತ್ರ ಇದ್ದು ಒಳಗೆಲ್ಲ ಬೆಳ್ಳಗಿದ್ದರೆ ಬರಿಯ ಸ್ನಾನ ಮಾಡಿಸಿದ್ದು. ಒಪ್ಪದ ಅಂಗಡಿಯವರಿಂದ ಕೊಳ್ಳಬೇಡಿ. ಫುಂಡಿ ಅಳತೆಗೆ ಕತ್ತರಿಸಿದ ಕಡೆಯೆಲ್ಲ ಹೊಸ ಬಾಯಿ ತೆರೆದಂತಾಗುವುದರಿಂದ ಅಲ್ಲಿಗೆ ಮತ್ತೆ ಔಷಧ ಹಚ್ಚಿಸಲೇಬೇಕು. ಮರ ನೀರು ಕುಡಿಯುವುದು ಮೈಯಿಂದಲ್ಲ, ತುದಿಯಿಂದ, ಕೊಳೆಯುವುದೂ ಅಲ್ಲಿಂದಲೇ.

ಇನ್ನು ನಮ್ಮ ಬಡಾವಣೆಯ ನೆಲ. ಸೌತ್ ಸಿಯ ಅಡಿಯಲ್ಲಿರುವುದು ಕಪ್ಪು ಜೇಡಿ. ಧಾರವಾಡ, ಗದಗ, ವಿಜಯಪುರದವರಿಗೆ ಹೇಳಿಕೊಡಬೇಕಾದ್ದಿಲ್ಲ, ಇದು ನಮ್ಮ ಎರೆಮಣ್ಣೇ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಇಳಿಯುವಷ್ಟು ಬಿರಿಯುತ್ತದೆ. ಈ ಮಣ್ಣಿನಲ್ಲಿ ಎರಡು ಅಡಿ ಗುಂಡಿ ತೋಡಿ ಕಂಬ ಹೂಳಿದರೆ ವರ್ಷದೊಳಗೆ ಒಂದು ಮೂಲೆ ಏಳುತ್ತದೆ, ಇನ್ನೊಂದು ಇಳಿಯುತ್ತದೆ; ಯಾವ ಜಾತಿಯ ಮರವೂ ಅದನ್ನು ತಡೆಯಲಾರದು. ಇಲ್ಲಿಯ ಕಟ್ಟಡದವರು ಮಾಡುವಂತೆ ಎರೆಯನ್ನು ತೆಗೆದು ಕಲ್ಲು, ಮೊರಂ ತುಂಬಿ, ಅದರ ಮೇಲೆ ಕಾಂಕ್ರೀಟಿನ ಚಿಕ್ಕ ಕಟ್ಟೆಗಳನ್ನು ಕೂರಿಸಬೇಕು. ಕಂಬ ಆ ಕಟ್ಟೆಯ ಮೇಲೆ ಲೋಹದ ಪಾದದಲ್ಲಿ ನಿಲ್ಲಲಿ, ಅಜ್ಜನ ಮನೆಯ ಕಂಬ ಕಲ್ಲಿನ ಮೇಲೆ ನಿಂತಂತೆ. 2024ರ ಏಪ್ರಿಲ್‌ನ ಮಹಾಮಳೆಯಲ್ಲಿ ನೈರೋಬಿ ಮುಳುಗಿದ್ದನ್ನು ಕಂಡವರು ನೆಲಕ್ಕೆ ಅಂಟಿಸಿದ ಡೆಕ್ ಕಟ್ಟಿಸಬಾರದು. ಹಲಗೆಯ ಕೆಳಗೆ ಒಂದೂವರೆ ಅಡಿಯಾದರೂ ಗಾಳಿ ಆಡಬೇಕು, ಪೊರಕೆ ಆಡಬೇಕು.

ಹಲಗೆ ನಾಲ್ಕರಿಂದ ಐದು ಅಂಗುಲ ಅಗಲವಿದ್ದರೆ ಸಾಕು. ಅಗಲ ಹೆಚ್ಚಿದಷ್ಟೂ ದೋಣಿಯಂತೆ ಬಾಗುತ್ತದೆ. ಒಣಗಿದ ಹಲಗೆಗಳ ನಡುವೆ 5-6 ಮಿಲಿಮೀಟರ್ ಸಂದು, ಒಂದಂಗುಲ ದಪ್ಪದ ಹಲಗೆಯಾದರೆ ಕೆಳಗಿನ ಜಂತಿಗಳ ಅಂತರ ಒಂದೂಕಾಲು ಅಡಿ ಮೀರದಿರಲಿ. ಮೊಳೆ ಬೇಡವೇ ಬೇಡ, ಅದು ಏಳುತ್ತದೆ, ಕಾಲಿಗೆ ಚುಚ್ಚುತ್ತದೆ. ತುಕ್ಕು ಹಿಡಿಯದ ಸ್ಕ್ರೂ ಹಾಕಿಸಿ. ಔಷಧದ ತಾಮ್ರ ಬರಿಯ ಕಬ್ಬಿಣವನ್ನು ಬೇಗ ತಿನ್ನುತ್ತದೆ. ಬಾಡಿಗೆ ಮನೆಯವರು ಮೂರಡಿ ಚೌಕದ ತುಂಡುಗಳಾಗಿ ಮಾಡಿಸಿದರೆ ಮನೆ ಬದಲಿಸುವಾಗ ಲಾರಿಗೆ ಹಾಕಿಕೊಂಡು ಹೋಗಬಹುದು. ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ ಹಲಗೆಗಳ ಬಗ್ಗೆ ಹಲವರು ಕೇಳುತ್ತಾರೆ. ಗೆದ್ದಲಿನ ಭಯವಿಲ್ಲ, ಎಣ್ಣೆ ಬೇಡ. ಆದರೆ ಸಮಭಾಜಕಕ್ಕೆ ಇಷ್ಟು ಹತ್ತಿರದ ಮಧ್ಯಾಹ್ನದ ಬಿಸಿಲಿಗೆ ಕಾವಲಿಯಂತೆ ಕಾಯುತ್ತವೆ, ನಾವೋ ಮನೆಯಲ್ಲಿ ಚಪ್ಪಲಿ ಹಾಕದ ಜನ.

ಕೊನೆಗೆ ಮೇಲ್ಲೇಪ. ಇಲ್ಲಿ ನಮ್ಮ ಅಭಿಪ್ರಾಯ ಕಠಿಣವಾಗಿದೆ: ಬಯಲಿನ ನೆಲಕ್ಕೆ ವಾರ್ನಿಷ್ ಬೇಡ. ಹಚ್ಚಿದ ದಿನ ಕನ್ನಡಿಯಂತೆ ಹೊಳೆಯುತ್ತದೆ, ಫುಂಡಿಗೆ ಹೊಗಳಿಕೆ ಸಲ್ಲುತ್ತದೆ, ಚಿತ್ರವೂ ಊರಿಗೆ ಹೋಗುತ್ತದೆ. ಆದರೆ ನಾವಿರುವುದು ಬೆಂಗಳೂರಿಗಿಂತಲೂ ಸುಮಾರು 700 ಮೀಟರ್ ಎತ್ತರದಲ್ಲಿ. ಇಲ್ಲಿಯ ಬಿಸಿಲಿನ ನೇರಳಾತೀತ ಕಿರಣ ಪಾರದರ್ಶಕವಾದ ಆ ಪೊರೆಯನ್ನು ದಾಟಿ ಕೆಳಗಿನ ನಾರನ್ನೇ ಸಡಿಲಿಸುತ್ತದೆ. ಹಿಡಿತ ತಪ್ಪಿದ ಪೊರೆ ಬಿರಿಯುತ್ತದೆ, ಬಿರುಕಿನಲ್ಲಿ ನೀರು ಇಳಿಯುತ್ತದೆ, ಇಳಿದ ನೀರಿಗೆ ಹೊರಬರಲು ದಾರಿಯಿಲ್ಲ. ಮೇಲೆ ಹೊಳಪು, ಕೆಳಗೆ ಕೊಳೆ. ಒದ್ದೆಯಾದಾಗ ಜಾರುವುದಂತೂ ಗಾಜಿನ ಮೇಲೆ ಕಾಲಿಟ್ಟಂತೆ. ಮತ್ತೆ ಹಚ್ಚಬೇಕೆಂದರೆ ಇಡೀ ನೆಲವನ್ನು ಉಜ್ಜಿ ತೆಗೆಯಬೇಕು.

ಎಣ್ಣೆಯ ಸ್ವಭಾವ ಬೇರೆ. ಅದು ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತದೆ. ಸವೆದರೆ ಸದ್ದಿಲ್ಲದೆ ಸವೆಯುತ್ತದೆ, ತೊಳೆದು ಒಣಗಿಸಿ ಮತ್ತೊಂದು ಕೈ ಹಚ್ಚಿದರೆ ಆಯಿತು. ಹೊರಾಂಗಣದ ಮರಕ್ಕೆಂದೇ ಮಾಡಿದ, ಸ್ವಲ್ಪ ಕಂದುಬಣ್ಣ ಬೆರೆತ ಎಣ್ಣೆಯನ್ನೇ ಕೊಳ್ಳಿ. ಬಿಸಿಲನ್ನು ತಡೆಯುವುದು ಆ ಬಣ್ಣದ ಕಣಗಳು, ನೀರಿನಂಥ ಎಣ್ಣೆ ತಡೆಯದು. ಹಸಿ ಅಗಸೆ ಎಣ್ಣೆ ಒಂದನ್ನೇ ಬಳಿದರೆ ಒಣಗಲು ದಿನಗಟ್ಟಲೆ ಬೇಕು, ಕಪ್ಪು ಬೂಷ್ಟಿಗೂ ಅದು ಆಹಾರ. ಫುಂಡಿ ಪುಕ್ಕಟೆಯಾಗಿ ಸೂಚಿಸುವ ಹಳೆಯ ಎಂಜಿನ್ ಆಯಿಲ್‌ಗೆ ಒಪ್ಪಬೇಡಿ. ಅದು ಕೂರುವವರ ಬಟ್ಟೆಗೂ ಕೆಳಗಿನ ಮಣ್ಣಿಗೂ ವಿಷ. ದಕ್ಷಿಣ ಕನ್ನಡದವರು ನೆನೆಯುವ ಗೇರೆಣ್ಣೆ ಗೆದ್ದಲಿಗೆ ನಿಜವಾದ ಮದ್ದು, ಆದರೆ ಗೇರುಬೀಜದ ಸೊನೆ ತಾಗಿ ತುಟಿ ಸುಟ್ಟುಕೊಂಡ ಬಾಲ್ಯದ ನೆನಪಿದ್ದವರು ಅದನ್ನು ಕೂರುವ ಹಲಗೆಗೆ ಹಚ್ಚಲಾರರು. ಏನನ್ನೂ ಹಚ್ಚದಿದ್ದರೆ ಮರ ಬೂದುಬಣ್ಣಕ್ಕೆ ತಿರುಗುತ್ತದೆ. ಅದು ರೋಗವಲ್ಲ, ಮೇಲ್ಮೈಯ ಬಣ್ಣವಷ್ಟೆ.

ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆಯಬಾರದು. ಒಣಗುವ ಎಣ್ಣೆ ಶಾಖ ಬಿಡುತ್ತದೆ, ಮುದ್ದೆಯೊಳಗೆ ಶಾಖ ಸೇರಿ ತಾನಾಗಿಯೇ ಬೆಂಕಿ ಹತ್ತುವುದುಂಟು. ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿಡಿ.

ಇಷ್ಟೆಲ್ಲ ಬರೆದ ಮೇಲೂ ಒಂದು ಮಾತು ಉಳಿಯುತ್ತದೆ: ಯಾವ ಎಣ್ಣೆಗಿಂತಲೂ ಮೇಲಾದ ಲೇಪ ಒಂದು ಮಾಡು. ಹಿತ್ತಿಲಿನ ಅರ್ಧಕ್ಕಾದರೂ ಮಬಾತಿ ತಗಡನ್ನೋ ಪಾರದರ್ಶಕ ಹಾಳೆಯನ್ನೋ ಇಳಿಜಾರಾಗಿ ಹೊದಿಸಲು ಮನೆಯ ಒಡೆಯರು ಒಪ್ಪಿದರೆ, ಮೊದಲು ಅದನ್ನು ಮಾಡಿಸಿ, ಹಲಗೆಯ ದುಡ್ಡಿನಲ್ಲಿ ಉಳಿತಾಯ ಮಾಡಿ. ಆಗ ಅದು ಡೆಕ್ ಅಲ್ಲ, ನಿಜವಾದ ಜಗಲಿಯೇ ಆಗುತ್ತದೆ.

ಎಣ್ಣೆ ಹಚ್ಚುವ ಕಾಲದ ವಿಚಾರದಲ್ಲಿ ಸಂಪ್ರದಾಯವನ್ನು ಸ್ವಲ್ಪ ತಿದ್ದಬೇಕಾಗಿದೆ. ಎಣ್ಣೆಸ್ನಾನವೆಂದರೆ ನಮಗೆ ದೀಪಾವಳಿ. ಆದರೆ ಇಲ್ಲಿ ದೀಪಾವಳಿ ಬರುವುದು ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಸಣ್ಣ ಮಳೆಯ ನಡುವೆ, ಒದ್ದೆ ಮರ ಎಣ್ಣೆ ಕುಡಿಯದು. ಜಗಲಿಯ ಅಭ್ಯಂಜನ ಸಂಕ್ರಾಂತಿಗೆ ಆಗಲಿ. ಜನವರಿ, ಫೆಬ್ರವರಿಯ ಒಣ ಬಿಸಿಲಿನಲ್ಲಿ ಉಜ್ಜಿ ತೊಳೆದು, ಎರಡು ಮೂರು ದಿನ ಒಣಗಲು ಬಿಟ್ಟು ಹಚ್ಚಿದರೆ ಮಾರ್ಚಿಯ ದೊಡ್ಡ ಮಳೆಯ ಹೊತ್ತಿಗೆ ಮರ ಸಿದ್ಧವಾಗಿರುತ್ತದೆ. ಮತ್ತೊಮ್ಮೆ ಗಣೇಶನ ಹಬ್ಬದ ಆಸುಪಾಸಿನಲ್ಲಿ ಒಂದು ಲೋಟ ನೀರನ್ನು ಹಲಗೆಯ ಮೇಲೆ ಚೆಲ್ಲಿ ನೋಡಿ. ಕೆಸುವಿನೆಲೆಯ ಮೇಲಿನಂತೆ ಹನಿಹನಿಯಾಗಿ ನಿಂತರೆ ಈ ವರ್ಷಕ್ಕೆ ಸಾಕು. ಇಂಗಿ ಹೋದರೆ ಆ ವಾರದೊಳಗೆ ಇನ್ನೊಂದು ಕೈ ಎಣ್ಣೆ.